ಬಚ್ಚಲ ಮನೆಯ ಬಿಸಿನೀರಿಗೆ ತಕ್ಕ ತಂತಿ

ಬಚ್ಚಲ ಮನೆಯ ಮೂಲೆಯಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಒಲೆಯ ಬಾಯಲ್ಲಿ ತೆಂಗಿನ ಗರಿ, ಮಟ್ಟೆ, ಸೌದೆಯ ತುಂಡು. ಇದು ನಮ್ಮ ಹಿಂದಿನವರ ಅಭ್ಯಂಜನದ ಸಿದ್ಧತೆ. ಆ ಒಲೆಗೆ ಎಷ್ಟು ಉರಿ ಬೇಕು, ಹೊಗೆ ಎಲ್ಲಿಂದ ಹೋಗಬೇಕು, ಕಿಡಿ ಎತ್ತ ಹಾರೀತು ಎಂಬುದೆಲ್ಲ ಮನೆಯ ಹಿರಿಯ ಹೆಂಗಸರಿಗೆ ಅಂಗೈ ಮೇಲಿನ ನೆಲ್ಲಿಯಂತೆ ಗೊತ್ತಿತ್ತು. ಬೆಂಕಿ ಕಣ್ಣಿಗೆ ಕಾಣುತ್ತಿತ್ತು. ಆದಕಾರಣ ಅದರ ವಿಷಯದಲ್ಲಿ ಎಚ್ಚರವೂ ಇರುತ್ತಿತ್ತು. ಈಗ ನಮ್ಮ ಪಟ್ಟಣಗಳ ಮನೆಗಳಲ್ಲಿ ಹಂಡೆಯ ಸ್ಥಾನಕ್ಕೆ ಗೀಸರು ಬಂದಿದೆ. ಗುಂಡಿಯನ್ನೊತ್ತಿ ಇಪ್ಪತ್ತು ನಿಮಿಷ ಕಾದರೆ ನೀರು ಸಿದ್ಧ. ಒಲೆಯೂ ಇಲ್ಲ, ಮಸಿಯೂ ಇಲ್ಲ. ಆದರೆ ಅಷ್ಟು ನೀರನ್ನು ಕಾಯಿಸುವ ಕಾವು ಎಲ್ಲಿಂದಲೋ ಬರಲೇಬೇಕಷ್ಟೆ? ಅದು ಗೋಡೆಯೊಳಗೆ ಹುದುಗಿದ ಎರಡು ತಂತಿಗಳ ಮೂಲಕ ಬರುತ್ತದೆ. ಆ ತಂತಿಗಳು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಗೀಸರ್ ಎಂಬುದು ಮೂಲದಲ್ಲಿ ಐಸ್‌ಲೆಂಡ್ ದೇಶದ ಒಂದು ಬಿಸಿನೀರಿನ ಬುಗ್ಗೆಯ ಹೆಸರು. ನೆಲದೊಳಗಿನ ಕಾವಿನಿಂದ ಕುದಿದು ಮೇಲಕ್ಕೆ ಚಿಮ್ಮುವ ಆ ಬುಗ್ಗೆಯ ಹೆಸರನ್ನು ಇಂಗ್ಲಿಷರು ತಮ್ಮ ಸ್ನಾನದ ಮನೆಯ ಯಂತ್ರಕ್ಕೆ ಇಟ್ಟರು. ಅವರಿಂದ ನಮಗೆ ಬಂತು. ಅದನ್ನು ಕೊಳ್ಳಲು ಹೊರಟಾಗ ನಾವು ಏನೇನು ವಿಚಾರಿಸುತ್ತೇವೆ? ಎಷ್ಟು ಲೀಟರು ಹಿಡಿಯುತ್ತದೆ, ಎಷ್ಟು ನಕ್ಷತ್ರದ ಗುರುತು ಇದೆ, ಎಷ್ಟು ವರ್ಷದ ಖಾತರಿ, ಬಣ್ಣ ಗೋಡೆಗೆ ಒಪ್ಪುತ್ತದೆಯೆ—ಇವೆಲ್ಲವನ್ನೂ ಕೇಳುತ್ತೇವೆ. ‘ಇದಕ್ಕೆ ಯಾವ ತಂತಿ ಬೇಕು? ನಮ್ಮ ಗೋಡೆಯಲ್ಲಿ ಇರುವ ತಂತಿ ಸಾಲುತ್ತದೆಯೆ?’ ಎಂದು ಕೇಳುವವರು ವಿರಳ. ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಏಕೆಂದರೆ ಯಂತ್ರ ಕೆಟ್ಟರೆ ನೀರು ತಣ್ಣಗಿರುತ್ತದೆ. ತಂತಿ ಕೆಟ್ಟರೆ ಮನೆ ಸುಡಬಹುದು, ಪ್ರಾಣವೂ ಹೋಗಬಹುದು.

‘ತಂತಿ’ ಎಂಬ ನಮ್ಮ ಮಾತು ಸಂಸ್ಕೃತದ ‘ತಂತ್ರೀ’ ಎಂಬುದರ ತದ್ಭವ. ವೀಣೆಯ ತಂತಿಯನ್ನು ಹೇಳುವ ಹಳೆಯ ಮಾತು. ವೀಣೆಯನ್ನು ಬಲ್ಲವರಿಗೆ ಗೊತ್ತು: ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂಬ ನಾಲ್ಕು ತಂತಿಗಳ ಗಾತ್ರ ಒಂದೇ ಅಲ್ಲ. ಸಾರಣಿಯ ತಂತಿಯನ್ನು ಅನುಮಂದ್ರದ ಜಾಗದಲ್ಲಿ ಕಟ್ಟಿ ನುಡಿಸಿ ನೋಡಿ. ವೀಣೆ ನುಡಿಯುವುದಿಲ್ಲ, ಗೊಣಗುತ್ತದೆ. ಮನೆಯ ವಿದ್ಯುತ್ತಿನ ತಂತಿಗೂ ಇದೇ ನಿಯಮ. ವ್ಯತ್ಯಾಸವೆಂದರೆ ವೀಣೆಯ ತಪ್ಪು ಕೂಡಲೆ ಕಿವಿಗೆ ಬೀಳುತ್ತದೆ. ಗೋಡೆಯೊಳಗಿನ ತಪ್ಪು ವರ್ಷಗಟ್ಟಲೆ ಮೌನವಾಗಿರುತ್ತದೆ.

ಈ ತಪ್ಪು ಏಕೆ ಅಷ್ಟು ಸಾಮಾನ್ಯವಾಯಿತೆಂಬುದಕ್ಕೆ ಒಂದು ಹಿನ್ನೆಲೆಯುಂಟು. ನಮ್ಮ ನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗೆ ದೀಪವಾಗಿ ಬಂತು. ಜನಸಾಮಾನ್ಯರಿಗೆ ಬಹುಕಾಲ ವಿದ್ಯುತ್ತು ಎಂದರೆ ದೀಪ. ಈಗಲೂ ಅನೇಕರ ಬಾಯಲ್ಲಿ ಅದು ‘ಲೈಟ್ ಬಿಲ್ಲು’, ‘ಲೈಟು ಕಂಬ’. ಮನೆ ಕಟ್ಟುವಾಗ ದೀಪಕ್ಕೆಷ್ಟು ಬೇಕೋ ಅಷ್ಟು ತಂತಿ ಎಳೆಸಿದರು. ಆಮೇಲೆ ಫ್ಯಾನು ಬಂತು, ರೇಡಿಯೋ ಬಂತು, ಅದೇ ತಂತಿ ಸಾಕಾಯಿತು. ಆ ಅಭ್ಯಾಸದಲ್ಲೇ ಗೀಸರನ್ನೂ ಅದಕ್ಕೆ ತಗುಲಿಸಿದರು. ಇಲ್ಲಿ ಲೆಕ್ಕ ತಪ್ಪಿತು.

ಆ ಲೆಕ್ಕವನ್ನು ಈಗ ನೋಡೋಣ. ಅದು ಕಷ್ಟದ್ದೇನೂ ಅಲ್ಲ. ಭಾಗಾಕಾರ ಬಲ್ಲ ಮಗುವೂ ಮಾಡಬಹುದು. ಪ್ರತಿಯೊಂದು ವಿದ್ಯುದುಪಕರಣದ ಮೈಮೇಲೂ ಅದು ಎಷ್ಟು ವಾಟಿನದು ಎಂದು ಬರೆದಿರುತ್ತದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ ೨೩೦ ವೋಲ್ಟ್. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ತಂತಿಯಲ್ಲಿ ಹರಿಯುವ ಪ್ರವಾಹದ ಪ್ರಮಾಣ ಆಂಪಿಯರುಗಳಲ್ಲಿ ಸಿಕ್ಕುತ್ತದೆ. ಈಗಿನ ಎಲ್.ಇ.ಡಿ. ದೀಪ ೯ ವಾಟಿನದು. ಸಾಮಾನ್ಯ ಫ್ಯಾನು ೭೫ ವಾಟಿನ ಆಸುಪಾಸು. ಸಣ್ಣ ರೇಡಿಯೋ ಸೆಟ್ಟಿನ ಹಸಿವು ಇನ್ನೂ ಕಡಮೆ. ಇವೆಲ್ಲ ಕೂಡಿದರೂ ಒಂದು ಆಂಪಿಯರು ಆಗುವುದಿಲ್ಲ. ಗೀಸರಿನ ಮೈಮೇಲೆ ನೋಡಿ: ನೀರು ತುಂಬಿಟ್ಟುಕೊಳ್ಳುವ ಜಾತಿಯದಾದರೆ ಬಹುಮಟ್ಟಿಗೆ ೨೦೦೦ ವಾಟ್, ಒಡನೆಯೇ ಕಾಯಿಸಿಕೊಡುವ ಸಣ್ಣ ಜಾತಿಯದಾದರೆ ೩೦೦೦ ವಾಟ್. ಮೊದಲನೆಯದು ೮.೭ ಆಂಪಿಯರನ್ನೂ ಎರಡನೆಯದು ೧೩ ಆಂಪಿಯರನ್ನೂ ಎಳೆಯುತ್ತದೆ. ಇನ್ನೂರಕ್ಕೂ ಮಿಕ್ಕ ದೀಪಗಳನ್ನು ಒಟ್ಟಿಗೆ ಹಚ್ಚಿದಷ್ಟು ಹೊರೆಯನ್ನು ಒಂದೇ ಯಂತ್ರ ಒಂದೇ ಜೋಡಿ ತಂತಿಯ ಮೇಲೆ ಹೇರುತ್ತದೆ ಎಂದಾಯಿತು.

ಪ್ರವಾಹ ಹೆಚ್ಚಿದರೆ ತಂತಿಗೇನಾಗುತ್ತದೆ? ಜರ್ಮನಿಯ ಗೇಯಾರ್ಗ್ ಓಮ್ ಎಂಬ ಶಾಲಾ ಉಪಾಧ್ಯಾಯ ೧೮೨೭ರಲ್ಲಿ ಪ್ರಕಟಿಸಿದ ನಿಯಮದಂತೆ, ತಂತಿ ತನ್ನೊಳಗೆ ಹರಿಯುವ ಪ್ರವಾಹವನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ತಂತಿ ಸಣ್ಣಗಾದಷ್ಟೂ ಉದ್ದವಾದಷ್ಟೂ ಈ ತಡೆ ಹೆಚ್ಚು. ಇಂಗ್ಲೆಂಡಿನ ಜೇಮ್ಸ್ ಜೂಲ್ ೧೮೪೧ರಲ್ಲಿ ಇನ್ನೊಂದನ್ನು ತಿಳಿಸಿದ: ಈ ತಡೆಯಿಂದ ತಂತಿ ಬಿಸಿಯಾಗುತ್ತದೆ, ಆ ಬಿಸಿ ಪ್ರವಾಹದ ವರ್ಗದಂತೆ ಬೆಳೆಯುತ್ತದೆ. ಎಂದರೆ ಪ್ರವಾಹ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಒಂದು ಆಂಪಿಯರಿಗೆ ಒಗ್ಗಿದ್ದ ದೀಪದ ತಂತಿಯಲ್ಲಿ ಹದಿಮೂರು ಆಂಪಿಯರು ಹರಿಸಿದರೆ ಅದರೊಳಗಿನ ಬಿಸಿ ಹದಿಮೂರು ಪಟ್ಟು ಆಗುವುದಿಲ್ಲ. ನೂರ ಅರವತ್ತೊಂಬತ್ತು ಪಟ್ಟು ಆಗುತ್ತದೆ! ಗೀಸರಿನ ತಂತಿಯ ವಿಚಾರವೆಲ್ಲ ಈ ಒಂದು ವಾಕ್ಯದಲ್ಲಿದೆ.

ಒಂದು ಉದಾಹರಣೆ ಹಿಡಿಯೋಣ. ಮನೆಯ ಬಾಗಿಲಲ್ಲಿರುವ ಮುಖ್ಯ ಬೋರ್ಡಿನಿಂದ ಬಚ್ಚಲ ಮನೆಗೆ ತಂತಿಯ ಹಾದಿ ೧೫ ಮೀಟರು ಎಂದುಕೊಳ್ಳಿ. ಹೋಗುವ ತಂತಿ ಹದಿನೈದು, ಬರುವ ತಂತಿ ಹದಿನೈದು, ಒಟ್ಟು ೩೦ ಮೀಟರು. ಅದರಲ್ಲಿ ೧೩ ಆಂಪಿಯರು ಹರಿಯುತ್ತಿದೆ. ತಾಮ್ರದ ತಂತಿ ೧ ಚದರ ಮಿಲಿಮೀಟರಿನದಾದರೆ ಗೋಡೆಯೊಳಗೇ ವ್ಯರ್ಥವಾಗುವ ಕಾವು ೧೦೦ ವಾಟಿಗೆ ಹತ್ತಿರ. ಹಳೆಯ ನೂರು ಕ್ಯಾಂಡಲ್ ಬಲ್ಬನ್ನು ಹೊತ್ತಿಸಿ ಗೋಡೆಯೊಳಗೆ ಇಟ್ಟು ಗಾರೆ ಮೆತ್ತಿದ ಹಾಗೆ. ತಂತಿ ೧.೫ ಚದರ ಮಿಲಿಮೀಟರಿನದಾದರೆ ಅದು ಸುಮಾರು ೬೭ ವಾಟಿಗೆ ಇಳಿಯುತ್ತದೆ, ೨.೫ ಆದರೆ ೪೦; ೪ ಆದರೆ ೨೫. ಹೊರೆ ಅದೇ, ದೂರ ಅದೇ. ತಂತಿಯ ಒಡಲು ದಪ್ಪವಾದಷ್ಟೂ ಅದರ ಬೇಗೆ ಕಡಮೆ. ಬಾವಿಯಿಂದ ಚೊಂಬು ಸೇದುವ ದಾರದಿಂದ ಕೊಡವನ್ನು ಸೇದುವವರಿಲ್ಲ. ದಾರ ಮೊದಲ ದಿನವೇ ಹರಿಯದಿರಬಹುದು. ಆದರೆ ಪ್ರತಿದಿನವೂ ಒಂದೊಂದು ಎಳೆ ಸವೆಯುತ್ತದೆ.

ವಿದ್ಯುತ್ತಿನ ತಂತಿಯಲ್ಲಿ ಹೀಗೆ ಸವೆಯುವುದು ತಾಮ್ರವಲ್ಲ, ತಾಮ್ರದ ಮೇಲಿನ ಹೊದಿಕೆ. ನಮ್ಮ ಮನೆಗಳ ಸಾಮಾನ್ಯ ತಂತಿಯ ಹೊದಿಕೆ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನದು. ಒಳಗಿನ ತಾಮ್ರ ೭೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಬಿಸಿಯಾದರೆ ಆ ಹೊದಿಕೆ ತಾಳಿಕೊಳ್ಳುತ್ತದೆ. ಅದನ್ನು ಮೀರಿ ದಿನವೂ ಕಾಯಿಸಿದರೆ ಮೆತ್ತಗಿದ್ದದ್ದು ಗಡುಸಾಗುತ್ತದೆ, ಗಡುಸಾದದ್ದು ಒಣಗಿದ ಬಾಳೆಪಟ್ಟೆಯಂತೆ ಬಿರಿಯುತ್ತದೆ. ಬಿರುಕಿನಲ್ಲಿ ಒಂದು ತಂತಿ ಇನ್ನೊಂದಕ್ಕೆ ತಾಗಿದರೆ ಬೆಂಕಿ. ಬಚ್ಚಲ ಮನೆಯ ತೇವದ ಗೋಡೆಗೆ ತಾಗಿದರೆ ಗೋಡೆಯೇ ಜುಮ್ಮೆನ್ನುತ್ತದೆ.

ಆದ್ದರಿಂದ ತಂತಿಯಲ್ಲಿ ನಾವು ಎರಡನ್ನು ಬೇರೆಬೇರೆಯಾಗಿ ನೋಡಬೇಕು: ಒಂದು ಅದರ ಒಡಲು, ಇನ್ನೊಂದು ಅದರ ಉಡುಪು. ಒಡಲು ಎಂದರೆ ಒಳಗಿನ ತಾಮ್ರ. ಅದು ಎಷ್ಟು ಆಂಪಿಯರು ಹೊರಬೇಕೋ ಅಷ್ಟು ದಪ್ಪವಿರಬೇಕು. ಉಡುಪು ಎಂದರೆ ಹೊರಗಿನ ಹೊದಿಕೆ. ಅದು ಎಷ್ಟು ವೋಲ್ಟನ್ನು ತಡೆದು ನಿಲ್ಲಿಸಬೇಕೋ ಅಷ್ಟು ಗಟ್ಟಿಯಿರಬೇಕು. ಹೊರೆಗೆ ತಾಮ್ರ, ಒತ್ತಡಕ್ಕೆ ಹೊದಿಕೆ. ಈ ಎರಡು ಮಾತು ನೆನಪಿನಲ್ಲಿದ್ದರೆ ಯಾವ ಯಂತ್ರಕ್ಕೆ ಯಾವ ತಂತಿ ಎಂಬ ಪ್ರಶ್ನೆಗೆ ಮುಕ್ಕಾಲು ಉತ್ತರ ದೊರೆತಂತೆ.

ಇವೆರಡೂ ಬೇರೆಬೇರೆ ಎಂಬುದನ್ನು ಶೀತದೇಶಗಳ ಒಂದು ಉದಾಹರಣೆ ಚೆನ್ನಾಗಿ ತೋರಿಸುತ್ತದೆ. ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗಿಬಂದ ತಂದೆ ತಾಯಿಗಳು ಅಲ್ಲಿನ ಬಾಯ್ಲರನ್ನು ಕಂಡಿರುತ್ತಾರೆ. ಅದು ಬಹುಮಟ್ಟಿಗೆ ಅನಿಲದಿಂದ ಉರಿಯುತ್ತದೆ. ಬಿಸಿನೀರನ್ನು ಕೊಳವೆಗಳಲ್ಲಿ ಹರಿಸಿ ಮನೆಯನ್ನೆಲ್ಲ ಬೆಚ್ಚಗಿಡುತ್ತದೆ. ಕೋಣೆಯ ಗೋಡೆಯ ಮೇಲೆ ಥರ್ಮೋಸ್ಟಾಟ್ ಎಂಬ ಚಿಕ್ಕ ಪೆಟ್ಟಿಗೆ. ಈಗ ಅದು ಫೋನಿನ ಮಾತನ್ನೂ ಕೇಳುವಷ್ಟು ಜಾಣವಾಗಿದೆ. ಅದು ಕೋಣೆಯ ಕಾವನ್ನು ನೋಡಿ ‘ಉರಿ ಹಚ್ಚು’, ‘ಉರಿ ಆರಿಸು’ ಎಂದು ಬಾಯ್ಲರಿಗೆ ಅಪ್ಪಣೆ ಕೊಡುತ್ತದೆ. ಇವೆರಡರ ನಡುವಿನ ತಂತಿ ಹೊರುವುದು ಅಪ್ಪಣೆಯನ್ನೇ ಹೊರತು ಹೊರೆಯನ್ನಲ್ಲ. ಆದ್ದರಿಂದ ಒಡಲು ಸಣ್ಣದಿದ್ದರೂ ನಡೆಯುತ್ತದೆ. ಆದರೆ ಉಡುಪು? ಕೆಲವು ಥರ್ಮೋಸ್ಟಾಟುಗಳು ಆ ಅಪ್ಪಣೆಯನ್ನು ಅಲ್ಲಿನ ೨೩೦ ವೋಲ್ಟಿನಲ್ಲೇ ಕಳುಹಿಸುತ್ತವೆ. ಅಲ್ಲಿ ಮುಖ್ಯ ವಿದ್ಯುತ್ತಿಗೆ ತಕ್ಕ ಹೊದಿಕೆಯುಳ್ಳ ತಂತಿಯೇ ಆಗಬೇಕು. ಕೆಲವು ಕಡಮೆ ವೋಲ್ಟಿನಲ್ಲಿ ಕಳುಹಿಸುತ್ತವೆ; ಅಮೆರಿಕದ ಮನೆಗಳಲ್ಲಿ ಅದು ಸಾಮಾನ್ಯವಾಗಿ ೨೪ ವೋಲ್ಟ್; ಅದಕ್ಕೆ ಕರೆಗಂಟೆಯ ತಂತಿಯಂಥ ತೆಳುವಾದದ್ದು ಸಾಕು. ಆ ತೆಳುವಾದ ತಂತಿಯಲ್ಲಿ ೨೩೦ ವೋಲ್ಟು ಹರಿಸಿದರೆ ಪ್ರವಾಹ ಎಷ್ಟೇ ಸಣ್ಣದಿರಲಿ ಅಪಾಯ ತಪ್ಪಿದ್ದಲ್ಲ. ಕಡಮೆ ವೋಲ್ಟಿನ ತುದಿಗೆ ಮುಖ್ಯ ವಿದ್ಯುತ್ತನ್ನು ಕೊಟ್ಟರೆ ಬಾಯ್ಲರಿನ ಒಳಗಿನ ಬೋರ್ಡು ಸುಟ್ಟುಹೋಗುತ್ತದೆ. ಹೊರೆ ಹಗುರವೆಂದು ಉಡುಪನ್ನು ಮರೆಯಬಾರದು ಎಂಬುದು ಇಲ್ಲಿನ ಪಾಠ.

ನಮ್ಮ ಗೀಸರಿನ ಸ್ಥಿತಿ ಇದಕ್ಕಿಂತ ಭಿನ್ನ. ಅದರ ಥರ್ಮೋಸ್ಟಾಟ್ ಯಂತ್ರದ ಹೊಟ್ಟೆಯೊಳಗೇ ಇದೆ. ನೀರು ಗೊತ್ತುಪಡಿಸಿದಷ್ಟು ಕಾದೊಡನೆ ಅದು ಪ್ರವಾಹವನ್ನು ಕಡಿಯುತ್ತದೆ, ಆರಿದೊಡನೆ ಮತ್ತೆ ಕೂಡಿಸುತ್ತದೆ. ಗೋಡೆಯಿಂದ ಯಂತ್ರಕ್ಕೆ ಹೋಗುವ ತಂತಿಯಲ್ಲಿ ಹೊರೆಯೂ ಪೂರ್ತಿ, ಒತ್ತಡವೂ ಪೂರ್ತಿ. ಆದ್ದರಿಂದ ಅದಕ್ಕೆ ಒಡಲೂ ಬೇಕು, ಉಡುಪೂ ಬೇಕು.

ಈಚೆಗೆ ನಮ್ಮಲ್ಲೂ ಗೀಸರಿಗೆ ಜಾಣ ಸ್ವಿಚ್ಚುಗಳು ಬಂದಿವೆ. ಹಾಸಿಗೆಯಲ್ಲೇ ಮಲಗಿ ಫೋನಿನಿಂದ ಅದನ್ನು ಹಚ್ಚಬಹುದು. ಅನುಕೂಲವೇನೋ ಹೌದು. ಆದರೆ ಗೀಸರಿನ ಹೊರೆಯೆಲ್ಲ ಆ ಸ್ವಿಚ್ಚಿನ ಮೂಲಕವೇ ಹಾಯುತ್ತದೆ ಎಂಬುದನ್ನು ಮರೆಯಬೇಡಿ. ಅದರ ಮೇಲೆ ೬ ಅಥವಾ ೧೦ ಆಂಪಿಯರ್ ಎಂದಿದ್ದರೆ ಅದು ದೀಪಕ್ಕೋ ಟೀವಿಗೋ ಸರಿ. ಗೀಸರಿಗೆ ಬೇಕಾದದ್ದು ೧೬ ಆಂಪಿಯರಿನದು. ಸ್ವಿಚ್ಚು ಎಷ್ಟೇ ಜಾಣವಾದರೂ ದಡ್ಡ ತಂತಿಯ ಬಲವನ್ನು ಅದು ಹೆಚ್ಚಿಸಲಾರದು.

ಇನ್ನು ಅಂಗಡಿಗೆ ಹೋಗೋಣ. ತಂತಿಯ ಅಳತೆಯನ್ನು ಈಗ ತಾಮ್ರದ ಅಡ್ಡ ಸೀಳಿಕೆಯ ಚದರ ಮಿಲಿಮೀಟರುಗಳಲ್ಲಿ ಹೇಳುತ್ತಾರೆ. ಅಂಗಡಿಯವರ ಬಾಯಲ್ಲಿ ಅದು ಬರಿಯ ‘ಒಂದೂವರೆ ಎಂ.ಎಂ.’, ‘ಎರಡೂವರೆ ಎಂ.ಎಂ.’, ‘ನಾಲ್ಕು ಎಂ.ಎಂ.’ ಎಂದಾಗುತ್ತದೆ, ಅವರು ಹೇಳುವುದು ಚದರದ ಲೆಕ್ಕವೇ ಎಂದು ತಿಳಿಯಿರಿ. ಹಳಬರಾದ ಕೆಲಸಗಾರರು ‘ಮೂರು ಇಪ್ಪತ್ತು’, ‘ಏಳು ಇಪ್ಪತ್ತು’ ಎಂದು ಹೇಳುವುದುಂಟು. ಇಪ್ಪತ್ತನೆಯ ನಂಬರಿನ ಎಳೆ ಮೂರು ಅಥವಾ ಏಳು ಎಂದು ಅದರ ಅರ್ಥ. ಮೂರು ಇಪ್ಪತ್ತು ಎಂದರೆ ಹೆಚ್ಚು ಕಡಮೆ ೨ ಚದರ ಮಿಲಿಮೀಟರು, ಏಳು ಇಪ್ಪತ್ತು ಎಂದರೆ ನಾಲ್ಕೂವರೆಯ ಹತ್ತಿರ.

ಹೊರಗಿನ ದಪ್ಪವನ್ನು ನೋಡಿ ಮೋಸಹೋಗಬೇಡಿ. ದಪ್ಪ ಅಂಗಿ ತೊಟ್ಟವನೆಲ್ಲ ಪೈಲವಾನನಲ್ಲ. ತೆಳುವಾದ ತಾಮ್ರಕ್ಕೆ ದಪ್ಪ ಪ್ಲಾಸ್ಟಿಕ್ಕು ತೊಡಿಸಿದ ತಂತಿಯೂ ಮಾರುಕಟ್ಟೆಯಲ್ಲಿ ಸಿಕ್ಕುತ್ತದೆ. ತಂತಿಯ ಮೈಮೇಲೆ ಅಚ್ಚಾದ ಅಕ್ಷರಗಳನ್ನು ಓದಿ. ಐ.ಎಸ್.ಐ. ಮುದ್ರೆ, ಐ.ಎಸ್. ೬೯೪ ಎಂಬ ಸಂಖ್ಯೆ, ಅಳತೆ, ೧೧೦೦ ವೋಲ್ಟ್ ಅಥವಾ ೪೫೦/೭೫೦ ವೋಲ್ಟ್ ಎಂಬ ಬರಹ—ಇವು ಇರಬೇಕು. ೧೯೪೭ರಲ್ಲಿ ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯ ಹೆಸರು ೧೯೮೭ರಲ್ಲಿ ಬದಲಾಗಿ ಭಾರತೀಯ ಮಾನಕ ಬ್ಯೂರೋ ಆಯಿತು. ಮುದ್ರೆ ಮಾತ್ರ ಹಳೆಯ ಹೆಸರಿನಲ್ಲೇ ಉಳಿದಿದೆ. ಆ ಮುದ್ರೆಯ ತಂತಿಯಲ್ಲಿ ತಾಮ್ರವೂ ಹೊದಿಕೆಯೂ ಪರೀಕ್ಷೆಗೆ ಒಳಪಟ್ಟಿರುತ್ತವೆ. ಮುದ್ರೆಯಿಲ್ಲದ ಸುರುಳಿಯಲ್ಲಿ ಎಷ್ಟು ತಾಮ್ರವಿದೆಯೆಂಬುದು ಮಾಡಿದವನಿಗೇ ಗೊತ್ತು.

ಈಗ ಯಾವ ಗೀಸರಿಗೆ ಯಾವ ತಂತಿ? ೨೦೦೦ ವಾಟಿನ ಗೀಸರಿಗೆ ತಾಮ್ರದ ೨.೫ ಚದರ ಮಿಲಿಮೀಟರಿನ ತಂತಿ. ಅದಕ್ಕಿಂತ ಸಣ್ಣದು ಬೇಡ. ಗೀಸರು ೩೦೦೦ ವಾಟಿನದಾದರೆ, ಅಥವಾ ಬೋರ್ಡಿನಿಂದ ಬಚ್ಚಲಿಗೆ ದೂರ ಹೆಚ್ಚಿದ್ದರೆ ೪ ಚದರ ಮಿಲಿಮೀಟರಿನದೇ ಮೇಲು. ಮನೆ ಹೊಸದಾಗಿ ಕಟ್ಟಿಸುತ್ತಿದ್ದರೆ ಎರಡು ಮಾತಿಲ್ಲದೆ ನಾಲ್ಕನ್ನೇ ಹಾಕಿಸಿ. ಗೋಡೆಯನ್ನು ಮತ್ತೆ ಒಡೆಸುವ ಖರ್ಚಿನ ಮುಂದೆ ತಂತಿಯ ಬೆಲೆಯ ಅಂತರ ಲೆಕ್ಕಕ್ಕೆ ಬಾರದು. ೪೫೦೦ ವಾಟಿನ ಗೀಸರುಗಳೂ ಉಂಟು. ಅವು ೨೦ ಆಂಪಿಯರಿನಷ್ಟು ಎಳೆಯುವುದರಿಂದ ಹದಿನಾರರ ಸಾಕೆಟ್ಟಿಗೆ ಅವು ಸಲ್ಲವು. ಅಂಥದನ್ನು ಕೊಳ್ಳುವ ಮೊದಲು ನಿಮ್ಮ ಮನೆಗೆ ಮಂಜೂರಾಗಿರುವ ವಿದ್ಯುತ್ತಿನ ಪ್ರಮಾಣವೆಷ್ಟು ಎಂದು ನೋಡಿಕೊಳ್ಳಿ. ಯಾವ ಗೀಸರೇ ಆಗಲಿ, ಅದರ ತಂತಿ ಮುಖ್ಯ ಬೋರ್ಡಿನಿಂದ ನೇರವಾಗಿ ಬರಬೇಕು. ನಡುವೆ ಇನ್ನೊಂದು ಯಂತ್ರಕ್ಕೆ ಕವಲೊಡೆಯಬಾರದು. ಸಾಕೆಟ್ಟು ೧೬ ಆಂಪಿಯರಿನ ದೊಡ್ಡ ಮೂರು ರಂಧ್ರದ್ದಾಗಿರಬೇಕು. ದೊಡ್ಡ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸುವ ಪರಿವರ್ತಕ, ಎಕ್ಸ್‌ಟೆನ್ಷನ್ ಪೆಟ್ಟಿಗೆ ಇವೆರಡೂ ಗೀಸರಿಗೆ ಸಲ್ಲವು.

ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಮ್ ತಂತಿ ಇರುವುದುಂಟು. ಅದೇ ಗಾತ್ರದ ತಾಮ್ರಕ್ಕಿಂತ ಅದರ ತಡೆ ಒಂದೂವರೆ ಪಟ್ಟಿಗೂ ಹೆಚ್ಚು. ಅದಕ್ಕೆ ತಾಮ್ರದ ತುಂಡನ್ನು ಹೊಸೆದು ಟೇಪು ಸುತ್ತಿ ಗೀಸರಿಗೆ ಕೊಟ್ಟರೆ ಆ ಗಂಟು ಕ್ರಮೇಣ ಸಡಿಲವಾಗಿ ಕಾಯತೊಡಗುತ್ತದೆ. ಅಂಥ ಮನೆಯಲ್ಲಿ ಗೀಸರಿಗೆಂದೇ ಹೊಸ ತಾಮ್ರದ ತಂತಿಯನ್ನು ಬೇರೆ ಕೊಳವೆಯಲ್ಲಿ ಎಳೆಸುವುದೊಂದೇ ದಾರಿ.

ತಂತಿಯನ್ನು ಕಾಯಲು ಬೋರ್ಡಿನಲ್ಲಿ ಒಬ್ಬ ಕಾವಲುಗಾರನುಂಟು. ಹಿಂದೆ ಫ್ಯೂಸು, ಈಗ ಎಂ.ಸಿ.ಬಿ. ಗೊತ್ತಾದ ಮಿತಿಯನ್ನು ಮೀರಿ ಪ್ರವಾಹ ಹರಿದರೆ ಅದು ತಾನಾಗಿ ಬಿದ್ದು ದಾರಿಯನ್ನು ಕಡಿಯುತ್ತದೆ. ಅದರ ಮಿತಿ ತಂತಿಯ ಶಕ್ತಿಗಿಂತ ಕಡಮೆಯಿರಬೇಕು. ೨.೫ರ ತಂತಿಗೆ ೧೬ ಆಂಪಿಯರಿನ ಎಂ.ಸಿ.ಬಿ. ಹೊಂದುತ್ತದೆ. ಕೆಲವು ಮನೆಗಳಲ್ಲಿ ಅದು ಪದೇಪದೇ ಬೀಳುತ್ತದೆಂದು ಬೇಸತ್ತು ೩೨ರದನ್ನು ಹಾಕಿಸಿ ‘ಈಗ ತೊಂದರೆಯಿಲ್ಲ’ ಎನ್ನುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಗಾದೆ. ಇಲ್ಲಿ ಹಾಸಿಗೆಯನ್ನು ಹಿಗ್ಗಿಸದೆ ಕಾಲು ಚಾಚಿದ್ದಷ್ಟೇ ಅಲ್ಲ, ಎಚ್ಚರಿಸುತ್ತಿದ್ದವನನ್ನೂ ಮನೆಯಿಂದಾಚೆ ಅಟ್ಟಿದಂತಾಯಿತು. ಕಾವಲುಗಾರ ಕೂಗಿದರೆ ಕಳ್ಳನನ್ನು ಹುಡುಕಬೇಕೇ ಹೊರತು ಕಾವಲುಗಾರನನ್ನು ಬದಲಾಯಿಸಬಾರದು.

ಎಂ.ಸಿ.ಬಿ. ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಹದಿನಾರು ಆಂಪಿಯರು ದಾಟಿದ ಮೇಲೆ ತಾನೆ ಅದು ಎಚ್ಚರಗೊಳ್ಳುವುದು? ಒದ್ದೆ ಮೈಯಲ್ಲಿ ನಿಂತವನ ಎದೆಯ ಮಿಡಿತವನ್ನು ಕೆಡಿಸಲು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು ಸಾಕು. ಮನುಷ್ಯನನ್ನು ಕಾಯಲು ಬೇರೆ ಇಬ್ಬರು ಬೇಕು. ಮೊದಲನೆಯದು ಮೂರನೆಯ ತಂತಿ. ಹಸಿರು ಹೊದಿಕೆಯ ಅರ್ಥಿಂಗ್ ತಂತಿ. ಗೀಸರಿನ ಲೋಹದ ಮೈಯನ್ನು ಅದು ನೆಲಕ್ಕೆ ಕಟ್ಟಿಡುತ್ತದೆ. ಒಳಗಿನ ಸುರುಳಿ ಒಡೆದು ವಿದ್ಯುತ್ತು ಲೋಹಕ್ಕೋ ನೀರಿಗೋ ಇಳಿದರೆ, ನಲ್ಲಿಗೆ ಕೈಯಿಟ್ಟವನ ಮೈಯನ್ನು ಹುಡುಕದೆ ಅದು ಈ ತಂತಿಯ ಮೂಲಕ ನೆಲಕ್ಕಿಳಿಯುತ್ತದೆ. ಅರ್ಥಿಂಗ್ ಇಲ್ಲದ ಗೀಸರು ನಿರರ್ಥಕವಷ್ಟೇ ಅಲ್ಲ, ಅನರ್ಥಕಾರಿ. ‘ಎರಡೇ ತಂತಿಯಲ್ಲಿ ನೀರು ಕಾಯುತ್ತಿದೆಯಲ್ಲ’ ಎನ್ನುವವರುಂಟು. ಕಾಯುತ್ತದೆ, ನಿಜ. ಮೂರನೆಯ ತಂತಿ ಇರುವುದು ನೀರು ಕಾಯಿಸಲಿಕ್ಕಲ್ಲ, ನಮ್ಮನ್ನು ಕಾಯಲಿಕ್ಕೆ. ಹಿಂದೆ ಕೆಲವರು ಅದನ್ನು ನೀರಿನ ಕಬ್ಬಿಣದ ಕೊಳಾಯಿಗೆ ಸುತ್ತಿಬಿಡುತ್ತಿದ್ದರು. ಈಗಿನ ಕೊಳಾಯಿಗಳು ಪ್ಲಾಸ್ಟಿಕ್ಕಿನವು. ಅವು ವಿದ್ಯುತ್ತನ್ನು ನೆಲಕ್ಕೊಯ್ಯಲಾರವು. ಮನೆಯ ಅರ್ಥಿಂಗ್ ಗುಂಡಿಯವರೆಗೆ ಅದು ಮುರಿಯದೆ ಸಾಗಬೇಕು.

ಎರಡನೆಯ ರಕ್ಷಕ ಆರ್.ಸಿ.ಸಿ.ಬಿ. ಹೋದ ಪ್ರವಾಹ, ಹಿಂತಿರುಗಿದ ಪ್ರವಾಹ ಇವೆರಡನ್ನೂ ಅದು ಒಬ್ಬ ಕಟ್ಟುನಿಟ್ಟಿನ ಗುಮಾಸ್ತನಂತೆ ತಾಳೆ ನೋಡುತ್ತಿರುತ್ತದೆ. ೩೦ ಮಿಲಿ ಆಂಪಿಯರ್, ಎಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲಿನಷ್ಟು ಲೆಕ್ಕ ತಪ್ಪಿದರೂ ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ನಿಲ್ಲಿಸುತ್ತದೆ. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು; ಒತ್ತಿದೊಡನೆ ಬಿದ್ದರೆ ಅದು ಎಚ್ಚರವಾಗಿದೆ ಎಂದರ್ಥ. ಸ್ನಾನಕ್ಕೆ ಇಳಿಯುವ ಮೊದಲು ಗೀಸರನ್ನು ಆರಿಸುವ ವಾಡಿಕೆಯೂ ಒಳ್ಳೆಯದೇ. ಆದರೆ ಸಾಮಾನ್ಯ ಸ್ವಿಚ್ಚು ಒಂದೇ ತಂತಿಯನ್ನು ಕಡಿಯುತ್ತದೆ. ಎರಡನ್ನೂ ಒಟ್ಟಿಗೆ ಕಡಿಯುವ ಡಿ.ಪಿ. ಸ್ವಿಚ್ಚು ಗೀಸರಿಗೆ ತಕ್ಕದ್ದು. ಅದನ್ನು ನೀರು ಸಿಡಿಯದ ಕಡೆ, ಬಚ್ಚಲಿನ ಹೊರಗೋಡೆಯ ಮೇಲೆ ಹಾಕಿಸಬೇಕು.

ಸರಿಯಾದ ತಂತಿ ಎಳೆಸಿದ ಮೇಲೂ ಅದರ ತುದಿಗಳನ್ನು ಮರೆಯುವಂತಿಲ್ಲ. ತಿರುಪು ಸಡಿಲವಾದರೆ ನಾಲ್ಕು ಚದರದ ತಂತಿಯೂ ಆ ಒಂದು ಬಿಂದುವಿನಲ್ಲಿ ಎಳೆಯಷ್ಟು ಸಣ್ಣಗಾದಂತೆ, ಕಾವೆಲ್ಲ ಅಲ್ಲೇ. ಇದರ ಕುರುಹುಗಳು ಹಲವು. ಪ್ಲಗ್ಗು ಮುಟ್ಟಿದರೆ ಸುಡುತ್ತದೆ. ಸಾಕೆಟ್ಟಿನ ಬಿಳಿ ಬಣ್ಣ ಕಂದಿ ಕಂದಾಗುತ್ತದೆ. ಕರಿದ ಪ್ಲಾಸ್ಟಿಕ್ಕಿನ, ಇಲ್ಲವೆ ಮೀನಿನಂಥ ವಾಸನೆ ಬರುತ್ತದೆ. ಗೀಸರು ಹಚ್ಚಿದೊಡನೆ ದೀಪಗಳು ಮಂಕಾಗುತ್ತವೆ. ರೇಡಿಯೋ ಇರುವ ಮನೆಯವರಿಗೆ ಇನ್ನೊಂದು ಕುರುಹೂ ಉಂಟು. ಮಧ್ಯಮ ತರಂಗಾಂತರದ ನಿಲಯವನ್ನು ಕೇಳುತ್ತಿರುವಾಗ ಗೀಸರು ಹಚ್ಚಿದ ಕ್ಷಣ ಒಂದು ‘ಟಿಕ್’ ಕೇಳಿದರೆ ಅದು ಸಹಜ. ಗೀಸರು ಕಾಯುವಷ್ಟು ಹೊತ್ತೂ ಹುರಿಗಡಲೆ ಸಿಡಿದಂತೆ ಚಟಚಟ ಸದ್ದು ಬರುತ್ತಿದ್ದು, ಅದನ್ನು ಆರಿಸಿದೊಡನೆ ನಿಂತರೆ, ಎಲ್ಲೋ ಒಂದು ತುದಿಯಲ್ಲಿ ಕಿಡಿ ಹಾರುತ್ತಿರಬಹುದು. ಆ ಕಿಡಿಯೇ ಅಲೆಗಳನ್ನೆಬ್ಬಿಸಿ ನಿಮ್ಮ ಹಾಡಿನ ನಡುವೆ ನುಗ್ಗುತ್ತಿರುತ್ತದೆ. ನಿಲಯವನ್ನೋ ಸೆಟ್ಟನ್ನೋ ಬೈಯುವ ಮೊದಲು ಗೀಸರನ್ನು ಆರಿಸಿ ನೋಡಿ. ಅನುಮಾನ ನಿಜವಾದರೆ ವೈರ್‌ಮನ್ನನಿಗೆ ಹೇಳಿಕಳುಹಿಸಿ.

ಈ ಕೆಲಸವನ್ನು ನೀವೇ ಮಾಡಬೇಕೆಂಬುದು ಈ ಬರಹದ ಉದ್ದೇಶವಲ್ಲ. ಪರವಾನಗಿಯುಳ್ಳ ವೈರ್‌ಮನ್ನನಿಂದಲೇ ಮಾಡಿಸಬೇಕು. ಆದರೆ ಮಾಡಿಸುವವರಿಗೆ ಕೇಳುವ ವಿವೇಕ ಬೇಕು. ಕೆಲಸ ಒಪ್ಪಿಸುವಾಗ ಇಷ್ಟನ್ನು ಕೇಳಿ: ಗೀಸರು ಎಷ್ಟು ವಾಟಿನದು, ಎಷ್ಟು ಆಂಪಿಯರು ಎಳೆಯುತ್ತದೆ? ತಂತಿ ತಾಮ್ರದ್ದೇ, ಎಷ್ಟು ಚದರದ್ದು, ಮುದ್ರೆ ಎಲ್ಲಿದೆ? ಬೋರ್ಡಿನಿಂದ ನೇರವಾಗಿ ಬಂದಿದೆಯೆ? ಎಂ.ಸಿ.ಬಿ. ಎಷ್ಟರದು, ಆರ್.ಸಿ.ಸಿ.ಬಿ. ಇದೆಯೆ? ಅರ್ಥಿಂಗನ್ನು ಅಳೆದು ತೋರಿಸುವಿರಾ? ಕೆಲಸ ಬಲ್ಲವನು ಈ ಪ್ರಶ್ನೆಗಳಿಂದ ಸಿಟ್ಟಾಗುವುದಿಲ್ಲ. ಕೇಳುವವರು ಸಿಕ್ಕರಲ್ಲ ಎಂದು ಸಂತೋಷಪಡುತ್ತಾನೆ.

ಬಾಡಿಗೆ ಮನೆಗಳ ಮಾತು ಸ್ವಲ್ಪ ಬೇರೆ. ಗೀಸರು ಬಾಡಿಗೆದಾರನದು, ಗೋಡೆ ಮಾಲೀಕನದು. ನಡುವಿನ ತಂತಿ ಯಾರದು ಎಂಬ ವಾದದಲ್ಲಿ ಎಷ್ಟೋ ಮನೆಗಳಲ್ಲಿ ಹಳೆಯ ದೀಪದ ತಂತಿಯೇ ಗೀಸರನ್ನು ಹೊತ್ತು ನರಳುತ್ತಿದೆ. ಮಾಲೀಕರು ನೆನೆಯಬೇಕಾದದ್ದು: ಬೆಂಕಿಗೆ ಬಾಡಿಗೆದಾರನ ಭಾಗ, ಮಾಲೀಕನ ಭಾಗ ಎಂಬ ಗಡಿ ತಿಳಿಯದು. ಬಾಡಿಗೆದಾರರು ನೆನೆಯಬೇಕಾದದ್ದು: ಆ ಬಚ್ಚಲಲ್ಲಿ ದಿನವೂ ಮೀಯುವವರು ತಮ್ಮ ಮಕ್ಕಳು. ಖರ್ಚನ್ನು ಹಂಚಿಕೊಳ್ಳಿ, ಬಾಡಿಗೆಯಲ್ಲಿ ಮುರಿದುಕೊಳ್ಳಿ, ಹೇಗಾದರೂ ಮಾಡಿ. ತಂತಿ ಮಾತ್ರ ಬದಲಾಗಲಿ. ಅಲ್ಲಿಯವರೆಗೆ ಒಲೆಯ ಮೇಲೆ ಒಂದು ಪಾತ್ರೆ ನೀರು ಕಾಯಿಸಿಕೊಂಡರೆ ಮಾನವೇನೂ ಹೋಗುವುದಿಲ್ಲ.

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ತಂತಿಯಲ್ಲಿ ಉಳಿಸಿದ ಕಾಸಿಗೆ ಹೋದ ಪ್ರಾಣವೂ ಹಾಗೆಯೇ. ನಾಳೆ ಬೆಳಗ್ಗೆ ಗೀಸರಿನ ಗುಂಡಿಯನ್ನೊತ್ತುವ ಮೊದಲು ಅದರ ಮೈಮೇಲಿನ ವಾಟನ್ನು ಓದಿ ಇನ್ನೂರ ಮೂವತ್ತರಿಂದ ಭಾಗಿಸಿ. ಬೋರ್ಡಿನ ಬಾಗಿಲು ತೆರೆದು ಎಂ.ಸಿ.ಬಿ.ಯ ಮೇಲಿನ ಅಂಕಿಯನ್ನು ನೋಡಿ. ಸಾಕೆಟ್ಟಿನ ಬಣ್ಣ ಕಂದಿದೆಯೆ ಎಂದು ಗಮನಿಸಿ. ಗೋಡೆಯೊಳಗಿನ ತಂತಿಯ ಅಳತೆ ತಿಳಿಯದಿದ್ದರೆ ಅದನ್ನು ನೋಡಿ ಹೇಳಬಲ್ಲವನನ್ನು ಈ ವಾರವೇ ಕರೆಸಿ.